ಕಿರುತೆರೆಯ ಪಾತ್ರಗಳೂ ನಮ್ಮ ಆರೋಗ್ಯವೂ

ಸಂಜೆ ಏಳರಿಂದ ರಾತ್ರಿ ಹತ್ತರವರೆಗೆ ಅನೇಕ ಮನೆಗಳಲ್ಲಿ ನಡೆಯುವ ಮಾತುಕತೆಯನ್ನು ಹೊಸಬರು ಯಾರಾದರೂ ಕೇಳಿಸಿಕೊಂಡರೆ ಗಾಬರಿಯಾದಾರು. 'ಅವಳನ್ನು ಮನೆಯೊಳಗೆ ಸೇರಿಸಲೇಬಾರದಿತ್ತು', 'ಅಷ್ಟು ಒಳ್ಳೆಯ ಹುಡುಗಿಗೆ ಎಂಥ ಗಂಡ ಗಂಟುಬಿದ್ದ ನೋಡಿ', 'ಈ ವಾರ ಅವನು ಹೊರಗೆ ಹೋಗಲಿ, ಆಗ ಬುದ್ಧಿ ಬರುತ್ತೆ' - ಹೀಗೆ ಸಾಗುತ್ತದೆ ಚರ್ಚೆ. ಇದೆಲ್ಲ ನೆಂಟರ ವಿಷಯವೂ ಅಲ್ಲ, ನೆರೆಮನೆಯ ವಿಷಯವೂ ಅಲ್ಲ. ಧಾರಾವಾಹಿಯ ಪಾತ್ರಗಳ ಮತ್ತು ರಿಯಾಲಿಟಿ ಷೋಗಳ ಸ್ಪರ್ಧಿಗಳ ಬಗ್ಗೆ ವೀಕ್ಷಕರು ಕೊಡುವ ತೀರ್ಪು!

ಇದನ್ನು ಕಂಡು ನಗುವವರಿದ್ದಾರೆ, ಬೈಯುವವರೂ ಇದ್ದಾರೆ. ಆದರೆ ಇದು ಆರೋಗ್ಯಕ್ಕೂ ಸಂಬಂಧಿಸಿದ ವಿಷಯ ಎಂದರೆ ನಿಮಗೆ ಆಶ್ಚರ್ಯವಾಗಬಹುದು. ತೆರೆಯ ಮೇಲಿನ ಸುಖದುಃಖ ಕಲ್ಪಿತವಾದರೂ ಅದನ್ನು ನೋಡಿ ನಿಮ್ಮ ಮೈಮನಸ್ಸಿನಲ್ಲಿ ಆಗುವ ಬದಲಾವಣೆ ಕಲ್ಪಿತವಲ್ಲ. ಅದು ಯಾವಾಗ ಹಿತ, ಯಾವಾಗ ಅಹಿತ ಎಂಬುದನ್ನು ತಿಳಿದಿರುವುದು ಪ್ರತಿ ಮನೆಗೂ ಅಗತ್ಯ.

ಪಾತ್ರಗಳು ನಮ್ಮವರಾಗುವುದೇಕೆ?

ಈ ಬಾಂಧವ್ಯ ಹೊಸದಲ್ಲ. 1984ರ ಜುಲೈಯಿಂದ 1985ರ ಡಿಸೆಂಬರ್‌ವರೆಗೆ ದೂರದರ್ಶನದಲ್ಲಿ 'ಹಮ್ ಲೋಗ್' ಎಂಬ ಹಿಂದಿ ಧಾರಾವಾಹಿ 156 ಕಂತುಗಳಲ್ಲಿ ಪ್ರಸಾರವಾಯಿತು. ಪ್ರತಿ ಕಂತಿನ ಕೊನೆಗೆ ಹಿರಿಯ ನಟ ಅಶೋಕ್ ಕುಮಾರ್ ಬಂದು ವೀಕ್ಷಕರೊಡನೆ ಮಾತನಾಡುತ್ತಿದ್ದರು. ಈ ಧಾರಾವಾಹಿಗೆ ಸುಮಾರು 4 ಲಕ್ಷ ಪತ್ರಗಳು ಬಂದುವೆಂಬ ಲೆಕ್ಕವಿದೆ. ಮನೆಯ ಹಿರಿಮಗಳು 'ಬಡ್ಕಿ'ಯ ಪಾತ್ರಕ್ಕೆ, ಆಕೆ ಬದುಕಿರುವ ಹೆಣ್ಣುಮಗಳೇನೋ ಎಂಬಂತೆ, ಮದುವೆಯ ವಿಷಯದಲ್ಲಿ ಬುದ್ಧಿಮಾತು ಹೇಳಿ ಬರೆದವರೂ ಇದ್ದರು. 2000ದಲ್ಲಿ ಆರಂಭವಾದ 'ಕ್ಯೂಂಕಿ ಸಾಸ್ ಭೀ ಕಭೀ ಬಹೂ ಥೀ' ಧಾರಾವಾಹಿಯಲ್ಲಿ ಮಿಹಿರ್ ಎಂಬ ಪಾತ್ರವನ್ನು ಸಾಯಿಸಿದಾಗ ವೀಕ್ಷಕರು ಎಷ್ಟು ಗದ್ದಲ ಎಬ್ಬಿಸಿದರೆಂದರೆ, ಸತ್ತವನನ್ನು ಕಥೆಯಲ್ಲಿ ಬದುಕಿಸಿ ತರಬೇಕಾಯಿತು. ನಮ್ಮ ಕನ್ನಡದಲ್ಲೂ ಟಿ.ಎನ್. ಸೀತಾರಾಮ್ ಅವರ 'ಮಾಯಾಮೃಗ', 'ಮುಕ್ತ'ಗಳಿಂದ ಹಿಡಿದು 'ಪುಟ್ಟಗೌರಿ ಮದುವೆ', 'ಅಗ್ನಿಸಾಕ್ಷಿ'ಗಳವರೆಗೆ ಎಷ್ಟೋ ಪಾತ್ರಗಳು ಮನೆಮಂದಿಯಂತೆಯೇ ಮಾತಿಗೆ ವಸ್ತುವಾಗಿವೆ.

ಹೀಗೇಕಾಗುತ್ತದೆ? 1956ರಲ್ಲಿಯೇ ಹಾರ್ಟನ್ ಮತ್ತು ವೋಲ್ ಎಂಬ ಇಬ್ಬರು ಅಮೆರಿಕನ್ ವಿದ್ವಾಂಸರು ಇದನ್ನು ಗುರುತಿಸಿ 'ಪ್ಯಾರಾಸೋಶಿಯಲ್' ಸಂಬಂಧ ಎಂದು ಹೆಸರಿಟ್ಟರು. ಸರಳವಾಗಿ ಹೇಳುವುದಾದರೆ ಇದು ಒಮ್ಮುಖದ ನಂಟು. ನಿಮಗೆ ಅವರೆಲ್ಲ ಗೊತ್ತು, ಅವರಿಗೆ ನೀವು ಗೊತ್ತಿಲ್ಲ. ಒಂದೇ ಮುಖವನ್ನು ದಿನವೂ ಒಂದೇ ಹೊತ್ತಿಗೆ, ಹತ್ತಿರದಿಂದ, ಅದರ ಅಳು ನಗು ಗುಟ್ಟುಗಳ ಸಮೇತ ಕಾಣುತ್ತಾ ಬಂದರೆ ನಮ್ಮ ಮನಸ್ಸು ಆ ವ್ಯಕ್ತಿಯನ್ನು ಪರಿಚಿತರ ಸಾಲಿಗೆ ಸೇರಿಸಿಬಿಡುತ್ತದೆ. ಇದು ದಡ್ಡತನವಲ್ಲ, ರೋಗವೂ ಅಲ್ಲ. ಓದಿದವರಲ್ಲೂ ಓದದವರಲ್ಲೂ ಇರುವಂಥದು. ಧಾರಾವಾಹಿಯನ್ನು ಹೀಯಾಳಿಸುವ ಗಂಡಸರು ಕ್ರಿಕೆಟ್ ಆಟಗಾರನೊಬ್ಬ ಔಟಾದಾಗ ಕೂಗಾಡುವುದು ಕೂಡ ಇದರದೇ ಇನ್ನೊಂದು ರೂಪ!

ದೇಹದ ಮೇಲೆ ಪರಿಣಾಮ

ಖಳನಾಯಕಿ ಹಾಲಿನ ಲೋಟಕ್ಕೆ ಏನೋ ಬೆರೆಸುತ್ತಿದ್ದಾಳೆ, ಸೊಸೆ ಅದನ್ನು ತುಟಿಗೆ ಇಡುತ್ತಿದ್ದಾಳೆ ಎನ್ನಿ. ನೋಡುತ್ತಿರುವ ನಿಮ್ಮ ಎದೆ ಡವಗುಟ್ಟುತ್ತದೆ, ಉಸಿರು ಬಿಗಿಯಾಗುತ್ತದೆ, ಅಂಗೈ ಬೆವರುತ್ತದೆ. ಅಪಾಯ ನಿಜವಲ್ಲವೆಂದು ಬುದ್ಧಿಗೆ ಗೊತ್ತು. ಆದರೂ ಅಡ್ರಿನಲಿನ್ ಎಂಬ ಹಾರ್ಮೋನು ರಕ್ತಕ್ಕೆ ಬಂದು ನಾಡಿಬಡಿತವನ್ನೂ ರಕ್ತದೊತ್ತಡವನ್ನೂ ಸ್ವಲ್ಪ ಹೊತ್ತು ಏರಿಸುತ್ತದೆ. ಆರೋಗ್ಯವಂತರಿಗೆ ಇದರಿಂದ ತೊಂದರೆಯಿಲ್ಲ. ಹೃದ್ರೋಗ ಇರುವವರು ಮಾತ್ರ ಉದ್ವೇಗದ ಶಕ್ತಿಯನ್ನು ಹಗುರವಾಗಿ ಎಣಿಸಬಾರದು. 2006ರ ವಿಶ್ವಕಪ್ ಫುಟ್‌ಬಾಲ್ ನಡೆದಾಗ ಜರ್ಮನಿಯ ಮ್ಯೂನಿಕ್ ಪ್ರದೇಶದಲ್ಲಿ ವೈದ್ಯರು ಲೆಕ್ಕ ಹಾಕಿದರು. ಜರ್ಮನಿ ತಂಡ ಆಡಿದ ದಿನಗಳಲ್ಲಿ ಹೃದಯಸಂಬಂಧಿ ತುರ್ತು ಪ್ರಕರಣಗಳು ಮಾಮೂಲಿ ದಿನಗಳಿಗಿಂತ 2.66 ಪಟ್ಟು ಇದ್ದುವು. ಧಾರಾವಾಹಿ ಫುಟ್‌ಬಾಲಿನಷ್ಟು ಉದ್ವೇಗದ್ದಲ್ಲ, ನಿಜ. ಆದರೆ ಹೃದಯಕ್ಕೆ ಆಟ ಯಾವುದು, ನಾಟಕ ಯಾವುದು ಎಂಬ ಭೇದ ತಿಳಿಯದು.

ಹೆಚ್ಚಿನವರಿಗೆ ಕಾಡುವುದು ಹೃದಯದ ತೊಂದರೆಯಲ್ಲ, ನಿದ್ರೆಯದು. ಕಂತು ಯಾವಾಗಲೂ ಕುತೂಹಲದ ಘಟ್ಟದಲ್ಲೇ ನಿಲ್ಲುತ್ತದೆ. ಬಾಗಿಲು ತೆರೆಯಿತು, ಒಳಗೆ ಬಂದವರು ಯಾರು? ನಾಳೆ ನೋಡಿ! ಅರ್ಧಕ್ಕೆ ನಿಂತ ವಿಷಯವನ್ನು ಮನಸ್ಸು ಸುಲಭವಾಗಿ ಕೆಳಗಿಡುವುದಿಲ್ಲ. ಹಾಸಿಗೆಯಲ್ಲಿ ಹೊರಳಾಡುತ್ತಾ ಕಥೆಯ ಮುಂದಿನ ತಿರುವನ್ನು ನೀವೇ ಹೆಣೆಯತೊಡಗುತ್ತೀರಿ. ಈಗ ಮೊಬೈಲಿನಲ್ಲಿ ನಾಳಿನ ಕಂತೂ ಒಂದು ಗುಂಡಿ ಒತ್ತಿದರೆ ಸಿಗುತ್ತದೆಯಾದ್ದರಿಂದ ಹತ್ತು ಗಂಟೆಗೆ ಮಲಗಬೇಕಾದವರು ಹನ್ನೆರಡಕ್ಕೆ ಮಲಗುತ್ತಿದ್ದಾರೆ. ಇದರ ಜೊತೆಗೆ ಕುಳಿತಲ್ಲೇ ಕುರುಕುವುದು ಬೇರೆ. ಗಮನವೆಲ್ಲ ತೆರೆಯ ಮೇಲಿದ್ದಾಗ ಹೊಟ್ಟೆ ತುಂಬಿದ್ದು ತಿಳಿಯುವುದಿಲ್ಲ. ಚಕ್ಕುಲಿ ಡಬ್ಬ ಬರಿದಾದ ಮೇಲೆಯೇ ಅರಿವು! ಮಧುಮೇಹ ಮತ್ತು ರಕ್ತದೊತ್ತಡ ಇರುವವರು ಇದನ್ನು ಮುಖ್ಯವಾಗಿ ಗಮನಿಸಬೇಕು.

ಒಂಟಿತನಕ್ಕೆ ಮದ್ದೆ?

ಮಗ ಸೊಸೆ ಕೆಲಸಕ್ಕೆ, ಮೊಮ್ಮಕ್ಕಳು ಶಾಲೆಗೆ ಹೋದ ಮೇಲೆ ಮನೆಯಲ್ಲಿ ಉಳಿಯುವ ಅಜ್ಜಿಗೆ ಮಾತನಾಡಲು ಯಾರಿದ್ದಾರೆ? ಬೀದಿಯ ಜಗಲಿಯೂ ಇಲ್ಲ, ಬಾವಿಕಟ್ಟೆಯೂ ಇಲ್ಲ. ಅಂಥವರಿಗೆ ಧಾರಾವಾಹಿಯ ಮನೆತನವೇ ಜೊತೆ. ಒಂಟಿತನ ಅನಿಸಿದಾಗ ಮೆಚ್ಚಿನ ಕಾರ್ಯಕ್ರಮ ನೋಡಿದರೆ, ಅದನ್ನು ನೆನೆದರೂ ಸಹ, ಆ ನೋವು ಸ್ವಲ್ಪ ತಗ್ಗುತ್ತದೆಂದು 2009ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದು ತೋರಿಸಿದೆ. ಮೆಚ್ಚಿನ ಧಾರಾವಾಹಿ ಮುಗಿದುಹೋದಾಗ ಕೆಲವರಿಗೆ ಗೆಳೆಯರು ದೂರವಾದಂತೆ ಬೇಸರವಾಗುವುದನ್ನೂ ಮನಶ್ಶಾಸ್ತ್ರಜ್ಞರು ದಾಖಲಿಸಿದ್ದಾರೆ.

ಆದ್ದರಿಂದ, 'ಅಜ್ಜಿ, ಅದೆಲ್ಲ ಸುಳ್ಳು ಕಥೆ, ಅದಕ್ಯಾಕೆ ಅಳ್ತೀರಿ?' ಎಂದು ನಗಬೇಡಿ. ಸುಳ್ಳೆಂದು ಅವರಿಗೂ ಗೊತ್ತು. ಹರಿಶ್ಚಂದ್ರನ ಕಥೆ ಕೇಳಿ ಅತ್ತವರು ಅವರು. ಪಾತ್ರದ ನೆಪದಲ್ಲಿ ಅವರು ಅಳುತ್ತಿರುವುದು ಎಷ್ಟೋ ಸಲ ತಮ್ಮದೇ ಬದುಕಿನ ಯಾವುದೋ ಹಳೆಯ ನೋವಿಗೆ. 'ಇವತ್ತಿನ ಕಥೆಯಲ್ಲಿ ಏನಾಯ್ತಜ್ಜಿ? ಅವಳು ಮಾಡಿದ್ದು ಸರೀನಾ?' ಎಂದು ಪಕ್ಕದಲ್ಲಿ ಕುಳಿತು ಕೇಳಿ ನೋಡಿ. ಸೊಸೆಯೊಡನೆ ನೇರವಾಗಿ ಆಡಲಾಗದ ಮಾತನ್ನು ಧಾರಾವಾಹಿಯ ಸೊಸೆಯ ಮೇಲಿಟ್ಟು ಆಡಬಹುದು. ಮಗಳು ತನ್ನ ಮದುವೆಯ ಬಗ್ಗೆ ಇರುವ ಭಯವನ್ನು ಕಥಾನಾಯಕಿಯ ಮದುವೆಯ ನೆಪದಲ್ಲಿ ಹೇಳಿಕೊಳ್ಳಬಹುದು. ಮನೆಮಂದಿ ಕೂಡಿ ನೋಡಿ, ಕೂಡಿ ಚರ್ಚಿಸಿದರೆ ಅದು ಮನಸ್ಸಿಗೆ ಹಿತವೇ.

ಅಪಾಯ ಇರುವುದು ಎಲ್ಲಿ? ತೆರೆಯ ನಂಟು ಇರುವ ನಂಟಿಗೆ ಸೇರ್ಪಡೆಯಾಗದೆ ಅದರ ಜಾಗವನ್ನೇ ಹಿಡಿದುಕೊಂಡಾಗ. ಮನೆಗೆ ಬಂದ ನೆಂಟರು ಕಂತು ಮುಗಿಯುವವರೆಗೆ ಬಾಯಿ ಮುಚ್ಚಿ ಕೂರಬೇಕಾದರೆ, ಮಗುವಿನ ಜ್ವರಕ್ಕಿಂತ ನಾಯಕಿಯ ಜ್ವರ ದೊಡ್ಡದಾದರೆ, ಅತಿಯಾಯಿತೆಂದೇ ಅರ್ಥ.

ಕಥೆಯ ತಿರುವೂ ವೈದ್ಯಶಾಸ್ತ್ರವೂ

ಧಾರಾವಾಹಿಗಳಲ್ಲಿ ಕಥೆ ಮುಂದಕ್ಕೆ ಹೋಗದೆ ನಿಂತಾಗ ಕಾಯಿಲೆ ನೆರವಿಗೆ ಬರುತ್ತದೆ. ತಲೆಗೆ ಪೆಟ್ಟು ಬಿದ್ದು ನಾಯಕನಿಗೆ ಹಿಂದಿನದೆಲ್ಲ ಮರೆತುಹೋಗುತ್ತದೆ. ಇನ್ನೊಂದು ಪೆಟ್ಟು ಬಿದ್ದರೆ ಎಲ್ಲ ನೆನಪಾಗುತ್ತದೆ! ಅಜ್ಜಿ ಮಣಿಕಟ್ಟು ಹಿಡಿದೊಡನೆ ಸೊಸೆ ಗರ್ಭಿಣಿಯೆಂದು ತಿಳಿಯುತ್ತದೆ. ನಗುವಂಥ ವಿಷಯವೇ. ಆದರೆ ದಿನವೂ ಕಂಡದ್ದು ನಮಗರಿವಿಲ್ಲದೆ ನಂಬಿಕೆಯಾಗುತ್ತದೆ. ಎರಡನೆಯ ಪೆಟ್ಟು ಮೆದುಳಿಗೆ ಇನ್ನಷ್ಟು ಹಾನಿಯನ್ನೇ ಮಾಡುತ್ತದೆ. ಗರ್ಭ ನಿಂತಿದೆಯೇ ಎಂದು ತಿಳಿಯುವುದು ಮೂತ್ರ ಅಥವಾ ರಕ್ತದ ಪರೀಕ್ಷೆಯಿಂದ, ನಾಡಿಯಿಂದಲ್ಲ.

ಕೋಮಾದ ವಿಷಯ ನೋಡಿ. ಅಮೆರಿಕದ ಧಾರಾವಾಹಿಗಳಲ್ಲಿ ಸುಮಾರು ಹತ್ತು ವರ್ಷಗಳಲ್ಲಿ ಕೋಮಾಕ್ಕೆ ಹೋದ 64 ಪಾತ್ರಗಳ ಗತಿಯನ್ನು ವೈದ್ಯರು ಪಟ್ಟಿ ಮಾಡಿ 2005ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಪ್ರಕಟಿಸಿದರು. ನೂರಕ್ಕೆ 89ರಷ್ಟು ಪಾತ್ರಗಳು ಪೂರ್ತಿ ಗುಣವಾಗಿದ್ದುವು! ಹೆಚ್ಚಿನವು ಕಣ್ಣು ತೆರೆದ ದಿನವೇ ಯಾವ ಊನವೂ ಇಲ್ಲದೆ ಮಾತನಾಡಿದ್ದುವು. ನಿಜವಾದ ಕೋಮಾ ಹಾಗಲ್ಲ. ಅನೇಕರು ಬದುಕುಳಿಯುವುದಿಲ್ಲ, ಉಳಿದವರಲ್ಲೂ ಚೇತರಿಕೆ ನಿಧಾನ, ಮಾತು ನಡಿಗೆ ಮತ್ತೆ ಕಲಿಯಬೇಕಾದೀತು. ತೀವ್ರನಿಗಾ ಘಟಕದ ಹೊರಗೆ ಕಾದು ಕುಳಿತ ಮನೆಯವರು ಧಾರಾವಾಹಿಯ ಪವಾಡವನ್ನು ಎದುರು ನೋಡುತ್ತಿದ್ದರೆ, ವೈದ್ಯರು ಹೇಳುವ ಸತ್ಯ ಅವರಿಗೆ ಕ್ರೂರವಾಗಿ ಕೇಳಿಸುತ್ತದೆ.

ಎಲ್ಲಕ್ಕಿಂತ ಅಪಾಯಕಾರಿಯಾದದ್ದು ತೆರೆಯ ಮೇಲಿನ ಹೃದಯಾಘಾತ. ಯಜಮಾನರು ಕೆಟ್ಟ ಸುದ್ದಿ ಕೇಳುತ್ತಾರೆ, ಎಡಗೈಯಲ್ಲಿ ಎದೆ ಹಿಡಿದುಕೊಳ್ಳುತ್ತಾರೆ, ಕುಸಿಯುತ್ತಾರೆ. ಹೀಗಾದರೆ ಮಾತ್ರ ಹೃದಯಾಘಾತ ಎಂದು ನಂಬಿದವರು ಬಹಳ. ವಾಸ್ತವದಲ್ಲಿ ಅದು ಎದೆಯ ಮಧ್ಯೆ ಭಾರ ಇಟ್ಟಂತೆ, ದವಡೆ, ಬೆನ್ನು, ತೋಳು ಅಥವಾ ಹೊಟ್ಟೆಯ ಮೇಲ್ಭಾಗದ ನೋವಿನಂತೆ, ಬೆವರು, ಉಬ್ಬಸ, ವಾಕರಿಕೆಯಂತೆ ಬರಬಹುದು. ಹೆಂಗಸರಲ್ಲಿ ಮತ್ತು ಮಧುಮೇಹ ಇರುವವರಲ್ಲಿ ಎದೆನೋವು ಇಲ್ಲದೆ ಬರೀ ಸುಸ್ತು, ಉಸಿರುಗಟ್ಟುವಿಕೆಯೇ ಲಕ್ಷಣವಾಗಿರಬಹುದು. 'ಗ್ಯಾಸ್ಟ್ರಿಕ್ ಇರಬೇಕು, ಸೋಡಾ ಕುಡೀರಿ' ಎಂದು ಕಳೆಯುವ ಒಂದೊಂದು ನಿಮಿಷವೂ ಹೃದಯದ ಸ್ನಾಯುವನ್ನು ಕೊಲ್ಲುತ್ತದೆ. ಕೂಡಲೇ 108ಕ್ಕೆ ಕರೆ ಮಾಡಿ, ಆಸ್ಪತ್ರೆ ಸೇರಿ.

ಸ್ಪರ್ಧಿ ಪಾತ್ರವಲ್ಲ

ಧಾರಾವಾಹಿಯ ಖಳನಾಯಕಿಯನ್ನು ನೀವು ಎಷ್ಟು ಬೈದರೂ ಅವಳಿಗೆ ತಟ್ಟದು, ಏಕೆಂದರೆ ಅವಳು ಇಲ್ಲ. ಆದರೆ ಆ ವೇಷ ಹಾಕಿದ ನಟಿ ಇದ್ದಾಳೆ. ಸಂತೆಯಲ್ಲಿ, ದೇವಸ್ಥಾನದಲ್ಲಿ ಸಿಕ್ಕಿದಾಗ ಆಕೆಗೆ ಚುಚ್ಚಿ ಮಾತನಾಡುವುದು ಅನ್ಯಾಯ. ಆಕೆ ಅಷ್ಟು ಕೆಟ್ಟವಳಾಗಿ ಕಂಡಿದ್ದರೆ ಅದು ಆಕೆಯ ಕೌಶಲ. ರಿಯಾಲಿಟಿ ಷೋದಲ್ಲಿ ಈ ಗೆರೆಯೂ ಅಳಿಸಿಹೋಗುತ್ತದೆ. ಅಲ್ಲಿ ಸ್ಪರ್ಧಿ ಬರುವುದು ತನ್ನದೇ ಹೆಸರಿನಲ್ಲಿ. ಇಪ್ಪತ್ತನಾಲ್ಕು ಗಂಟೆ ಚಿತ್ರೀಕರಿಸಿದ್ದನ್ನು ಒಂದು ಒಂದೂವರೆ ಗಂಟೆಗೆ ಇಳಿಸಿ ತೋರಿಸುತ್ತಾರೆ. ನಾವು ಆ ತುಣುಕನ್ನು ನೋಡಿ ಇಡೀ ಮನುಷ್ಯನಿಗೆ ತೀರ್ಪು ಕೊಡುತ್ತೇವೆ.

2007ರ ಜನವರಿಯಲ್ಲಿ ಬ್ರಿಟನ್ನಿನ 'ಸೆಲೆಬ್ರಿಟಿ ಬಿಗ್ ಬ್ರದರ್' ಕಾರ್ಯಕ್ರಮದಲ್ಲಿ ಮಂಗಳೂರಿನಲ್ಲಿ ಹುಟ್ಟಿದ ನಟಿ ಶಿಲ್ಪಾ ಶೆಟ್ಟಿ ಸ್ಪರ್ಧಿಯಾಗಿದ್ದರು. ಅವರ ಬಗ್ಗೆ ಜೇಡ್ ಗೂಡಿ ಎಂಬ ಸ್ಪರ್ಧಿ ಮತ್ತು ಆಕೆಯ ಜೊತೆಗಾರ್ತಿಯರು ಆಡಿದ ಮಾತು ಜನಾಂಗ ನಿಂದನೆಯೆಂದು ವೀಕ್ಷಕರು ಸಿಡಿದೆದ್ದರು. ಅಲ್ಲಿನ ಪ್ರಸಾರ ನಿಯಂತ್ರಣ ಸಂಸ್ಥೆ ಆಫ್‌ಕಾಮ್‌ಗೆ 40 ಸಾವಿರಕ್ಕೂ ಹೆಚ್ಚು ದೂರುಗಳು ಬಂದುವು. ಶಿಲ್ಪಾ ಗೆದ್ದರು, ಜೇಡ್ ಎಲ್ಲರ ದ್ವೇಷಕ್ಕೆ ಗುರಿಯಾಗಿ ಕ್ಷಮೆ ಕೇಳಿದಳು. ಮರುವರ್ಷ, 2008ರ ಆಗಸ್ಟಿನಲ್ಲಿ, ಶಿಲ್ಪಾ ಅವರೇ ನಡೆಸಿಕೊಡುತ್ತಿದ್ದ ಹಿಂದಿ 'ಬಿಗ್ ಬಾಸ್'ಗೆ ಜೇಡ್ ಸ್ಪರ್ಧಿಯಾಗಿ ಭಾರತಕ್ಕೆ ಬಂದಳು. ತನಗೆ ಗರ್ಭಕಂಠದ ಕ್ಯಾನ್ಸರ್ ಇದೆಯೆಂಬ ಸುದ್ದಿ ಆಕೆಗೆ ತಿಳಿದದ್ದು ಆ ಮನೆಯೊಳಗಿದ್ದಾಗಲೇ. 2009ರ ಮಾರ್ಚ್ 22ರಂದು, ಇಬ್ಬರು ಪುಟ್ಟ ಗಂಡುಮಕ್ಕಳನ್ನು ಬಿಟ್ಟು ಆಕೆ ತೀರಿಕೊಂಡಳು. ವಯಸ್ಸು 27.

ಎರಡು ವರ್ಷದ ಹಿಂದೆ ಆಕೆಯನ್ನು ಶಪಿಸಿದ್ದ ಜನರೇ ಆಗ ಮರುಗಿದರು. ಆಕೆ ತನ್ನ ಕಾಯಿಲೆಯನ್ನು ಮುಚ್ಚಿಡದೆ ಹೇಳಿಕೊಂಡದ್ದರಿಂದ ದೊಡ್ಡ ಉಪಕಾರವೂ ಆಯಿತು. 2008ರ ಮಧ್ಯದಿಂದ 2009ರ ಮಧ್ಯದವರೆಗೆ ಇಂಗ್ಲೆಂಡಿನಲ್ಲಿ ಸುಮಾರು 5 ಲಕ್ಷ ಹೆಚ್ಚುವರಿ ಗರ್ಭಕಂಠ ತಪಾಸಣೆಗಳು ನಡೆದುವು. ವೀಕ್ಷಕರ ಮಮತೆ ಸರಿಯಾದ ದಾರಿ ಹಿಡಿದರೆ ಜೀವ ಉಳಿಸಬಲ್ಲದು ಎಂಬುದಕ್ಕೆ ಇದಕ್ಕಿಂತ ನಿದರ್ಶನ ಬೇಕೆ? ನಮ್ಮ ದೇಶದಲ್ಲಿ ಹೆಂಗಸರಿಗೆ ಹೆಚ್ಚಾಗಿ ಬರುವ ಕ್ಯಾನ್ಸರ್‌ಗಳಲ್ಲಿ ಇದೂ ಒಂದು. ಬೇಗ ಪತ್ತೆಯಾದರೆ ಗುಣವಾಗುತ್ತದೆ. ಮೂವತ್ತು ದಾಟಿದ ಮಹಿಳೆಯರು ತೊಂದರೆ ಇಲ್ಲದಿದ್ದರೂ ತಪಾಸಣೆ ಮಾಡಿಸಿಕೊಳ್ಳಬೇಕು. ಹೆಣ್ಣುಮಕ್ಕಳಿಗೆ ಎಚ್.ಪಿ.ವಿ. ಲಸಿಕೆಯ ಬಗ್ಗೆ ವೈದ್ಯರನ್ನು ಕೇಳಿ.

ಇನ್ನೊಂದು ಬದಿಯನ್ನೂ ಹೇಳಬೇಕು. ಜಪಾನಿನಲ್ಲಿ 'ಟೆರೇಸ್ ಹೌಸ್' ಎಂಬ ಕಾರ್ಯಕ್ರಮದಲ್ಲಿ ಭಾಗವಹಿಸಿದ್ದ 22 ವರ್ಷದ ಕುಸ್ತಿಪಟು ಹಾನಾ ಕಿಮುರಾ, ಸಾಮಾಜಿಕ ಜಾಲತಾಣಗಳಲ್ಲಿ ವೀಕ್ಷಕರ ನಿಂದೆಯ ಸುರಿಮಳೆಯಾದ ನಂತರ 2020ರ ಮೇ ತಿಂಗಳಲ್ಲಿ ಪ್ರಾಣ ಕಳೆದುಕೊಂಡಳು. ಜನ ಎಷ್ಟು ಕಲಕಿದರೆಂದರೆ 2022ರಲ್ಲಿ ಆ ದೇಶ ನಿಂದನೆಯ ವಿರುದ್ಧದ ಕಾನೂನನ್ನೇ ಬಿಗಿಗೊಳಿಸಿತು. ಮನೆಯಲ್ಲಿ ಕುಳಿತು 'ಅವನು ಸರಿಯಿಲ್ಲ' ಎನ್ನುವುದು ಅಭಿಪ್ರಾಯ. ಅದನ್ನೇ ಮೊಬೈಲಿನಿಂದ ಆ ವ್ಯಕ್ತಿಗೆ ಬೈಗುಳವಾಗಿ ಕಳಿಸಿದರೆ ಅದು ಏಟು. ಒಬ್ಬರದು ಒಂದು ಕಲ್ಲಾದರೂ ಬೀಳುವಲ್ಲಿ ಅದು ಸಾವಿರ ಕಲ್ಲು.

ಮಕ್ಕಳು ಮತ್ತು ನೊಂದ ಮನಸ್ಸುಗಳು

ಸಣ್ಣ ಮಕ್ಕಳಿಗೆ ಕಥೆಗೂ ನಿಜಕ್ಕೂ ಇರುವ ಗೆರೆ ಸ್ಪಷ್ಟವಿರುವುದಿಲ್ಲ. 1997ರಲ್ಲಿ ದೂರದರ್ಶನದಲ್ಲಿ ಆರಂಭವಾದ 'ಶಕ್ತಿಮಾನ್' ನೋಡಿ ಮಕ್ಕಳು ಅನುಕರಣೆಗಿಳಿದು ಗಾಯಗೊಂಡರೆಂಬ ವರದಿಗಳು ಬಂದಾಗ, ನಟ ಮುಖೇಶ್ ಖನ್ನಾ ಅವರೇ ಕಾರ್ಯಕ್ರಮದಲ್ಲಿ ಹಾಗೆ ಮಾಡಬೇಡಿರೆಂದು ಮಕ್ಕಳಿಗೆ ತಿಳಿಹೇಳಬೇಕಾಯಿತು. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಕೊಟ್ಟ ಸಲಹೆಯಂತೆ ಎರಡು ವರ್ಷದೊಳಗಿನ ಮಕ್ಕಳಿಗೆ ಟಿ.ವಿ., ಮೊಬೈಲು ಬೇಡವೇ ಬೇಡ. ಎರಡರಿಂದ ನಾಲ್ಕು ವರ್ಷದವರಿಗೆ ದಿನಕ್ಕೆ ಒಂದು ಗಂಟೆ ಮೀರಕೂಡದು. ಆ ಒಂದು ಗಂಟೆಯಲ್ಲೂ ದೊಡ್ಡವರ ಧಾರಾವಾಹಿಯ ವಿಷ, ಕೊಲೆ, ಬೆಂಕಿ ಬೇಡ.

ನೊಂದ ಮನಸ್ಸಿನವರ ಬಗೆಗೂ ಎಚ್ಚರ ಬೇಕು. 1996ರಲ್ಲಿ ಬ್ರಿಟನ್ನಿನ 'ಕ್ಯಾಶುವಲ್ಟಿ' ಧಾರಾವಾಹಿಯಲ್ಲಿ ಪಾತ್ರವೊಂದು ಜೀವ ಕಳೆದುಕೊಳ್ಳಲು ಮುಂದಾಗುವ ದೃಶ್ಯ ಬಂತು. ಮರುವಾರ ಅಲ್ಲಿನ ಆಸ್ಪತ್ರೆಗಳಿಗೆ ತಮಗೆ ತಾವೇ ವಿಷ ಉಣಿಸಿಕೊಂಡು ಬಂದವರ ಸಂಖ್ಯೆ ನೂರಕ್ಕೆ 17ರಷ್ಟು ಏರಿತ್ತು. ಮನೆಯಲ್ಲಿ ಖಿನ್ನತೆಯಿಂದ ಬಳಲುವವರು, ಈಚೆಗೆ ಯಾರನ್ನಾದರೂ ಕಳೆದುಕೊಂಡವರು ಇದ್ದರೆ ಅಂಥ ದೃಶ್ಯಗಳನ್ನು ಅವರೊಬ್ಬರೇ ನೋಡಲು ಬಿಡಬೇಡಿ. ಜೊತೆಯಲ್ಲಿ ಕುಳಿತು ಮಾತನಾಡಿಸಿ. 'ನಿಮಗೂ ಹಾಗೆ ಅನಿಸುತ್ತಾ?' ಎಂದು ಕೇಳಲು ಹಿಂಜರಿಯಬೇಡಿ. ಹಾಗೆ ಕೇಳಿದ್ದರಿಂದ ಇಲ್ಲದ ಯೋಚನೆ ಹುಟ್ಟುವುದಿಲ್ಲ, ಇರುವ ಭಾರ ಇಳಿಯುತ್ತದೆ. ಕೇಂದ್ರ ಸರ್ಕಾರದ ಟೆಲಿ-ಮಾನಸ್ ಸಹಾಯವಾಣಿ 14416ಕ್ಕೆ ಹಗಲಿರುಳು ಯಾವ ಹೊತ್ತಿನಲ್ಲಾದರೂ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತನಾಡಬಹುದು.

ಅತಿಯಾಯಿತೆಂದು ತಿಳಿಯುವುದು ಹೇಗೆ?

ಈ ಕೆಳಗಿನವುಗಳಲ್ಲಿ ಎರಡು ಮೂರು ನಿಮಗೆ ಅನ್ವಯಿಸಿದರೆ ಯೋಚಿಸಿ:

* ಒಂದು ಕಂತು ತಪ್ಪಿದರೆ ದಿನವಿಡೀ ಸಿಡುಕು, ಚಡಪಡಿಕೆ.
* ಕಾರ್ಯಕ್ರಮಕ್ಕಾಗಿ ಊಟ, ಮಾತ್ರೆ ಅಥವಾ ನಿದ್ರೆಯ ಹೊತ್ತು ತಪ್ಪುವುದು.
* ಧಾರಾವಾಹಿಯಲ್ಲಿ ಕಂಡಂತೆ ಮನೆಯವರ ಮೇಲೂ ಅನುಮಾನ ಮೂಡುವುದು - ಸೊಸೆ ಏನೋ ಬೆರೆಸಿದ್ದಾಳೆ, ಅತ್ತೆ ಸಂಚು ಹೂಡಿದ್ದಾರೆ ಎಂದು.
* ಸ್ಪರ್ಧಿಯೊಬ್ಬರ ಪರವಾಗಿ ಮನೆಯವರೊಡನೆ ಮಾತು ಬಿಡುವುದು, ಅಪರಿಚಿತರೊಡನೆ ಮೊಬೈಲಿನಲ್ಲಿ ಜಗಳ.
* ತೆರೆಯ ಮೇಲಿನ ಪಾತ್ರ ತನ್ನನ್ನೇ ಕುರಿತು ಮಾತನಾಡುತ್ತಿದೆ ಎಂದು ಅನಿಸುವುದು. ಇದೊಂದೇ ಕಂಡುಬಂದರೂ ತಡಮಾಡದೆ ಮನೋವೈದ್ಯರನ್ನು ಕಾಣಬೇಕು. ಇದು ಚಿಕಿತ್ಸೆಯಿಂದ ಹತೋಟಿಗೆ ಬರುವ ಕಾಯಿಲೆಯ ಲಕ್ಷಣವಾಗಿರಬಹುದು.

ನೀವು ಮಾಡಬೇಕಾದದ್ದು

* ದಿನಕ್ಕೆ ಎರಡು ಕಾರ್ಯಕ್ರಮಗಳೆಂದು ಮೊದಲೇ ಆರಿಸಿಕೊಳ್ಳಿ. ಅವು ಮುಗಿದೊಡನೆ ಟಿ.ವಿ. ಆರಿಸಿ.
* ಮಲಗುವುದಕ್ಕೆ ಒಂದು ಗಂಟೆ ಮುಂಚೆ ತೆರೆ ಬಂದ್. ಮೊಬೈಲು ಹಾಸಿಗೆಯಿಂದ ದೂರವಿರಲಿ.
* ಜಾಹೀರಾತು ಬಂದಾಗಲೆಲ್ಲ ಎದ್ದು ನಾಲ್ಕು ಹೆಜ್ಜೆ ಓಡಾಡಿ. ನೀರು ಕುಡಿಯಿರಿ.
* ಊಟವನ್ನು ಟಿ.ವಿ. ಮುಂದೆ ಮಾಡಬೇಡಿ. ಕುರುಕಲೇಬೇಕಿದ್ದರೆ ಡಬ್ಬದಿಂದಲ್ಲ, ಸಣ್ಣ ಬಟ್ಟಲಿಗೆ ಹಾಕಿಕೊಂಡು ತಿನ್ನಿ.
* ಒಬ್ಬರೇ ನೋಡುವುದಕ್ಕಿಂತ ಕೂಡಿ ನೋಡಿ. ಮುಗಿದ ಮೇಲೆ ಹತ್ತು ನಿಮಿಷ ಮಾತನಾಡಿ.
* ಕಥೆಯಲ್ಲಿ ಕಂಡ ಔಷಧ, ಪ್ರಥಮ ಚಿಕಿತ್ಸೆ ಯಾವುದನ್ನೂ ವೈದ್ಯರನ್ನು ಕೇಳದೆ ಅನುಸರಿಸಬೇಡಿ.
* ಹೃದ್ರೋಗಿಗಳು ಉದ್ವೇಗ ಹೆಚ್ಚಿದಾಗ ತೆರೆಯಿಂದ ಕಣ್ಣು ತೆಗೆದು ನಿಧಾನವಾಗಿ ಉಸಿರಾಡಿ. ಎದೆಯಲ್ಲಿ ಬಿಗಿತ ಕಂಡರೆ ಕಂತು ಮುಗಿಯಲೆಂದು ಕಾಯಬೇಡಿ.

ಪ್ರಯತ್ನಪಟ್ಟರೂ ಬಿಡಲಾಗುತ್ತಿಲ್ಲ ಎನಿಸಿದರೆ ನಾಚಿಕೆಪಡಬೇಕಾದದ್ದಿಲ್ಲ. ತೆರೆಗೆ ಅಂಟಿಕೊಂಡವರಿಗೆ ನೆರವಾಗಲೆಂದೇ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆ 2014ರಲ್ಲಿ ಪ್ರತ್ಯೇಕ ಚಿಕಿತ್ಸಾಲಯವನ್ನೇ ಆರಂಭಿಸಿತು. ಊರಿನ ವೈದ್ಯರೊಡನೆ ಮೊದಲು ಮಾತನಾಡಿದರೂ ಸಾಕು.

ಧಾರಾವಾಹಿಯ ಸೊಸೆಯ ಕಷ್ಟಕ್ಕೆ ಕರಗುವ ಮನಸ್ಸು ಒಳ್ಳೆಯ ಮನಸ್ಸೇ. ಅದೇ ಕರುಣೆ ನಿಮ್ಮ ಮನೆಯ ಸೊಸೆಗೆ, ಅತ್ತೆಗೆ, ದಣಿದು ಬಂದ ಮಗನಿಗೆ, ಮೂಲೆಯಲ್ಲಿ ಸುಮ್ಮನೆ ಕುಳಿತ ಅಜ್ಜನಿಗೂ ಸಲ್ಲಲಿ. ಅವರ ಕಥೆಯಲ್ಲಿ ನೀವು ಬರೀ ವೀಕ್ಷಕರಲ್ಲ. ಮುಂದಿನ ಕಂತು ಹೇಗಿರಬೇಕೆಂಬುದು ನಿಮ್ಮ ಕೈಯಲ್ಲೂ ಇದೆ.